ರೇಷ್ಮೆ ಮನೆಯಲ್ಲಿ ಪಳಗಿದ ಡಬಲ್ ಬೇಸ್

ಹೊಂಗನೂರಿನ ನಮ್ಮ ಮನೆಯಲ್ಲಿ ಒಂದು ಡಬಲ್ ಬೇಸ್ ಇದೆ. ಆಳೆತ್ತರದ ಪಿಟೀಲು ಅನ್ನಿ. ನಿಂತುಕೊಂಡೇ ಕಮಾನು ಎಳೆಯಬೇಕು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಭಾನುವಾರ ಅದನ್ನು ವ್ಯಾನಿಗೆ ಹೇರಿಕೊಂಡು ಬೆಂಗಳೂರಿಗೆ ಹೋಗಿ, ಒಂದು ಸಣ್ಣ ವಾದ್ಯಗುಂಪಿನ ಜೊತೆ ನುಡಿಸುತ್ತೇನೆ. ನಾನು ಮದುವೆಯಾಗಿ ಬಂದಾಗ ಬೀರು, ಮಂಚದ ಜೊತೆ ಇದೂ ಇಳಿದದ್ದನ್ನು ನೋಡಿ ಬೀದಿಯವರೊಬ್ಬರು, "ಏನ್ಲಾ ಇದು, ಪಿಟೀಲಿಗೆ ಆನೆಕಾಲು ಬಂದೈತೆ!" ಅಂದಿದ್ದರು.

ಹೋದ ವರ್ಷ ಗುಂಪಿನ ಮೇಷ್ಟ್ರು ಹೊಸ ಕಾರ್ಯಕ್ರಮದ ಮೊದಲ ಎರಡು ನಿಮಿಷವನ್ನು ನನ್ನೊಬ್ಬಳಿಗೇ ಕೊಟ್ಟರು. ಇಷ್ಟು ವರ್ಷ ಎಲ್ಲರ ಬೆನ್ನ ಹಿಂದೆ ನಿಂತು ಡುಂ ಡುಂ ಅಂದುಕೊಂಡಿದ್ದವಳಿಗೆ ಅದೆಂಥಾ ಖುಷಿ! ಎರಡು ವಾರ ಕೇಳಿದ ಮೇಲೆ ಮೇಷ್ಟ್ರು ಮುಖ ಹಿಂಡಿದರು. "ನಾದ ತೀರಾ ಒರಟಮ್ಮ. ತಿಂಗಳೊಳಗೆ ಸರಿಮಾಡಿಕೊಳ್ಳಿ. ಆಗದಿದ್ದರೆ ಚೆಲ್ಲೋ ನುಡಿಸುವವಳಿಗೆ ಕೊಡ್ತೀನಿ." ಅವಳು ನಗು ತಡೆದುಕೊಂಡದ್ದು ಕಂಡು ನನ್ನ ಮೈಯೆಲ್ಲ ಉರಿಯಿತು.

ತಪ್ಪು ವಾದ್ಯದ್ದಲ್ಲ, ಉಕ್ಕಿನ ತಂತಿಗಳದ್ದು. ಕೆಳಗಿನ ಎರಡು ದಪ್ಪ ತಂತಿಗಳನ್ನು ಹಾಗೇ ಬಿಟ್ಟು, ರಾಗ ಎಳೆಯುವ ಮೇಲಿನ ಎರಡಕ್ಕೆ ಕರುಳಿನ ತಂತಿ ತರಿಸಿದೆ. ನಮ್ಮತ್ತೆ ಉಯ್ಯಂಬಳ್ಳಿಯಲ್ಲಿ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ತಂತಿಯನ್ನು ಬೆರಳಲ್ಲಿ ಉಜ್ಜಿ, "ಇದು ಕುರಿ ಕರುಳಲ್ವೇನವ್ವ?" ಅಂದರು.

"ಹೂಂ ಅತ್ತೆ."

"ಹಂಗಾರೆ ಒಂದೇ ಸಲಕ್ಕೆ ಬಿಗೀಬ್ಯಾಡ. ದಿನಾ ಒಸಿ ಒಸಿ ಎಳಿ."

ತಂತಿ ಮಾರಿದವನೂ ಅದನ್ನೇ ಹೇಳಿದ್ದ. ಹೊಸ ಕರುಳು ಹಿಗ್ಗುತ್ತಲೇ ಇರುತ್ತದೆ. ಬೆಳಿಗ್ಗೆ ಶ್ರುತಿ ಮಾಡಿದರೆ ಸಂಜೆಗೆ ಜಾರಿರುತ್ತದೆ. ದಿನಾ ನುಡಿಸಿದರೇನೇ ಅದು ಪಳಗುವುದು.

ನಾನು ನುಡಿಸುವ ಜಗಲಿಗೆ ಅಂಟಿಕೊಂಡೇ ಅತ್ತೆಯ ರೇಷ್ಮೆಹುಳು ಮನೆ. ಹುಳುಗಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಒಂದು ದಿನ ಅಲ್ಲಾಡದೆ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವಷ್ಟರಲ್ಲಿ ಇಂಥ ನಾಲ್ಕು ಜ್ವರ. ಆ ದಿನ ಅತ್ತೆಯದು ಒಂದೇ ಕಟ್ಟಪ್ಪಣೆ: "ಹುಳ ಜ್ವರಕ್ಕೆ ಕೂತವೆ, ಸದ್ದು ಮಾಡ್ಬ್ಯಾಡ ಕಣವ್ವ." ಮದುವೆಯಾದಾಗಿನಿಂದ ಬಾಯಿ ಮುಚ್ಚಿಕೊಂಡು ಪಾಲಿಸಿದ್ದೆ. ಈಗ ಒಂದೊಂದು ದಿನವೂ ಬೇಕಾಗಿರುವಾಗ ಮೂರನೇ ಜ್ವರ ವಕ್ಕರಿಸಿತು.

ಸ್ಕೂಲಿಂದ ಬಂದವಳೇ, ಹುಳುಗಳಿಗೆ ಕಿವಿಯೇ ಇಲ್ಲವೆಂದು ಅತ್ತೆಗೆ ಇವತ್ತು ಪಾಠ ಮಾಡಿಯೇ ಬಿಡುತ್ತೇನೆಂದು ದಡದಡ ಹುಳು ಮನೆಗೆ ಹೋದೆ. ಅತ್ತೆ ಸೊಪ್ಪಿನ ಗೋಣಿತಾಟಿನ ಮೇಲೆ ಮುದುಡಿಕೊಂಡು ಗಾಢ ನಿದ್ದೆಯಲ್ಲಿದ್ದರು. ನನ್ನ ಹೆಜ್ಜೆ ಸದ್ದಿಗೆ ಧಡಕ್ಕನೆ ಎದ್ದು ಸೆರಗು ಸರಿಮಾಡಿಕೊಂಡರು.

"ಮಲಗಿರ್ಲಿಲ್ಲ ಕಣವ್ವ. ಒಸಿ ಸೊಂಟ ಹಿಡ್ಕಂಡಿತ್ತು."

ಅಯ್ಯೋ, ಎಂಥಾ ಪೆದ್ದಿ ನಾನು! ಹುಳು ತಿನ್ನದ ದಿನ ಮಾತ್ರ ಸೊಪ್ಪು ಕೊಯ್ಯಬೇಕಾಗಿಲ್ಲ, ಹಾಕಬೇಕಾಗಿಲ್ಲ. ಈ ಹೆಂಗಸಿಗೆ ಇರುವ ರಜೆಯೆಂದರೆ ಅದೊಂದೇ. ಹಗಲು ಹೊತ್ತು ಮಲಗುತ್ತೇನೆ ಅನ್ನಲು ನಾಚಿಕೊಂಡು, ಪಾಪ, ನೆಪವನ್ನು ಹುಳುಗಳ ಮೇಲೆ ಹಾಕುತ್ತಿದ್ದರು. "ಕಾಫಿ ಮಾಡ್ಲಾ ಅತ್ತೆ?" ಅಂದು ವಾಪಸಾದೆ.

ನಾಲ್ಕನೇ ಜ್ವರ ಬಂದದ್ದು ಶನಿವಾರ. ಮಾರನೇ ದಿನವೇ ಮೇಷ್ಟ್ರ ಮುಂದೆ ನುಡಿಸಬೇಕು. ಅತ್ತೆಗೋ, ಈ ಜ್ವರ ಬಿಟ್ಟರೆ ವಾರವಿಡೀ ಹುಳುಗಳ ಹೊಟ್ಟೆ ತುಂಬಿಸುವ ಕೆಲಸ. ನಿದ್ದೆಯ ಮಾತೇ ಇಲ್ಲ. ಎರಡು ನಿಮಿಷ ಹೋದರೆ ಹೋಗಲಿ ಅಂತ ಕಮಾನನ್ನು ಮೊಳೆಗೆ ನೇತುಹಾಕಿ, ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತೆ. ಅತ್ತೆ ಹೊರಬಂದರು.

"ಯಾಕವ್ವ ಸುಮ್ಕೆ ಕುಂತಿದ್ದೀಯ? ನಾಳೀಕೆ ನುಡಿಸ್ಬೇಕು ಅಂದಿದ್ದೆ?"

"ಹುಳ ಜ್ವರಕ್ಕೆ ಕೂತಿವೆಯಲ್ಲ ಅತ್ತೆ."

ನನ್ನ ಮುಖವನ್ನೇ ನೋಡಿದರು. ಅವರ ಗುಟ್ಟು ನನಗೆ ಗೊತ್ತಾಗಿದೆಯೆಂದು ಅವರಿಗೆ ಗೊತ್ತಾಯಿತು. ನಕ್ಕರು.

"ಮುಂಚೆ ತಗಡು ಕೆರೆದಂಗೆ ಕೇಳೋದು ಕಣವ್ವ, ತಲೆ ಚಿಟ್ಟು ಹಿಡಿಯೋದು. ಈ ಕರುಳಿಂದು ಹಂಗಿಲ್ಲ. ನೀನು ನುಡಿಸು."

ಚಾಪೆ ತಂದು ಜಗಲಿಯಲ್ಲೇ ಹಾಸಿದರು. ನಾನು ಹೆದರಿಕೊಂಡೇ ಕಮಾನು ಇಟ್ಟೆ. ಸ್ವರ ತಡವರಿಸದೆ, ಕೆರೆಯದೆ ನಿಂತಿತು. ಎರಡನೇ ಸಾಲು ಮುಗಿಯುವಷ್ಟರಲ್ಲಿ ಅತ್ತೆಯ ಗೊರಕೆ ಕೇಳಿಸಿತು. ನಿಲ್ಲಿಸಿದರೆ ಎಲ್ಲಿ ಎಚ್ಚರವಾಗುತ್ತದೋ ಎಂದು ತೋಳು ಬಿದ್ದುಹೋಗುವ ತನಕ ಎಳೆದೆ.

ಭಾನುವಾರ ಮೇಷ್ಟ್ರು ಪೂರ್ತಿ ಕೇಳಿ, "ಮೊದಲ ಎರಡು ನಿಮಿಷ ನಿಮ್ಮದೇ," ಅಂದರು. "ಇಷ್ಟು ಬೇಗ ಹೇಗೆ ಪಳಗಿಸಿದಿರಿ?"

"ನಮ್ಮತ್ತೆ ನಿದ್ದೆಹೋಗುವ ಹಾಗೆ ನುಡಿಸಿದೆ," ಅಂದೆ. ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಆದರೆ ನನ್ನ ಕಣ್ಣು ತುಂಬಿತ್ತು. ಮೂವತ್ತು ವರ್ಷ ಗೋಣಿತಾಟಿನ ಮೇಲೆ ಕದ್ದು ಮಲಗಿದ ಹೆಂಗಸು ಹಿಂದಿನ ದಿನ ಹಾಡಹಗಲೇ ಸೊಸೆಯ ಎದುರಿಗೆ ಕಾಲು ಚಾಚಿ ಮಲಗಿದ್ದಳು.