ಕಂದು ಬಣ್ಣದ ಕೆಳಗಿನ ಬೆಟ್ಟ

ಹತ್ತಿಯ ತುದಿ ಕಂದಾಗುತ್ತದೆ. ಆಯೇಷಾ ಅದನ್ನು ಎಸೆದು, ಕಡ್ಡಿಗೆ ಹೊಸ ಹತ್ತಿ ಸುತ್ತಿ, ಒದ್ದೆ ಮಾಡಿ, ಹಳೆಯ ಚಿತ್ರದ ಸಾಸಿವೆ ಕಾಳಿನಷ್ಟು ಜಾಗದ ಮೇಲೆ ಉರುಳಿಸುತ್ತಾರೆ. ನ್ಯೂಜೆರ್ಸಿಯ ಪಾರ್ಸಿಪನಿಯ ಆಫೀಸ್ ಪಾರ್ಕಿನ ಹಿಂಬದಿಯ ಕೋಣೆ, ಬೆಳಗಿನ ಆರು ಗಂಟೆ. ಹೈವೇಯಲ್ಲಿ ಟ್ರಕ್ಕುಗಳು ಹೆಚ್ಚಿದರೆ ಮೇಜು ಅದುರುತ್ತದೆ. ಅದಕ್ಕೇ ಈ ಹೊತ್ತು.

"ಶ್ಯಾಮ್ ಅವರೇ, ಕಾಫಿ ದೂರ ಇಡಿ ಮಾರಾಯ್ರೆ. ಇಷ್ಟು ವರ್ಷ ಬದುಕಿದ ಕಾಗದ, ನಿಮ್ಮ ಕೈಯಲ್ಲಿ ಸಾಯುದು ಬೇಡ."

ಚಿತ್ರ ವೆಸ್ಟ್ ವಿಂಡ್ಸರ್‌ನ ಹೋಟೆಲ್ ಮಾಲೀಕ ಶ್ಯಾಮ್ ಅವರದು. ಸುಮಾರು ಐನೂರು ವರ್ಷಗಳ ಹಿಂದೆ ಇಸ್ತಾಂಬುಲ್‌ನಲ್ಲಿ ಬರೆದದ್ದು. ಅಂಗೈಯಗಲದ ಹಾಳೆಯಲ್ಲಿ ಸಾಲಾಗಿ ನಿಂತ ಟರ್ಕಿಯ ಸೈನಿಕರು, ಒಂದು ಕುದುರೆ, ಹಿಂದೆ ಕಂದು ಬೆಟ್ಟ. ಆ ಕಂದು ಯಾರೋ ಆಮೇಲೆ ಬಳಿದದ್ದು ಎಂಬುದು ಆಯೇಷಾ ಅವರ ವಾದ. ತಜ್ಞರೊಬ್ಬರು ಒಪ್ಪಿಲ್ಲ. ಮೂರು ವಾರ ಮೇಲಿನ ಹೊಗೆಯ ಮಸಿ ತೆಗೆದದ್ದಾಯಿತು. ಇವತ್ತು ಕಂದಿನ ಸರದಿ. ಅದೇ ಮೂಲ ಬಣ್ಣವಾಗಿದ್ದರೆ, ಒರೆಸಿದ್ದು ಮತ್ತೆ ಬರುವುದಿಲ್ಲ.

ಮಂಗಳೂರಿನ ಬಂದರಿನಲ್ಲಿ ಆಯೇಷಾ ಅವರ ತಂದೆ ಹರಿದ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದರು. ನ್ಯೂಜೆರ್ಸಿಗೆ ಬಂದ ಆಯೇಷಾ ಒಂಬತ್ತು ವರ್ಷ ಫ್ರೇಮ್ ಅಂಗಡಿಯಲ್ಲಿ ಗಾಜು ಒರೆಸಿದರು, ಸಂಜೆ ಹಳೆಯ ಚಿತ್ರ ಉಳಿಸುವ ಈ ವಿದ್ಯೆ ಕಲಿತರು. ಈಗ ವಯಸ್ಸು ಐವತ್ತಾರು. ಬೆಳಿಗ್ಗೆ ಎರಡೇ ಗಂಟೆ ಕೆಲಸ, ನಲವತ್ತು ತುಂಡು ಹತ್ತಿ. "ಆಮೇಲೆ ಕಣ್ಣು ಸುಳ್ಳು ಹೇಳ್ತದೆ."

ಇಪ್ಪತ್ತೇಳನೆಯ ಹತ್ತಿಯ ಕೆಳಗೆ ನೇರಳೆ ಕಾಣುತ್ತದೆ. ಪಕ್ಕದಲ್ಲಿ ಗುಲಾಬಿ. ಹವಳದಂತೆ ಸುರುಳಿ ಸುತ್ತಿದ ಬಂಡೆಯ ಅಂಚು.

"ಅಲ್ಲಾ!" ಆಯೇಷಾ ಕುರ್ಚಿಗೆ ಒರಗಿ ನಗುತ್ತಾರೆ. "ಬದುಕಿಕೊಂಡೆ."

ಇದು ಪರ್ಷಿಯಾದ ಶೈಲಿಯ ಬೆಟ್ಟ. ಆ ಕಾಲದಲ್ಲಿ ಅಲ್ಲಿನ ತಬ್ರೀಜ್ ನಗರದಿಂದ ಎಷ್ಟೋ ಚಿತ್ರಕಾರರು ಇಸ್ತಾಂಬುಲ್ ಸೇರಿದ್ದರು; ಕೆಲವರು ಸೆರೆಯಾಗಿ, ಕೆಲವರು ಕೆಲಸ ಹುಡುಕಿಕೊಂಡು. ಟರ್ಕಿಯ ಚಿತ್ರಕ್ಕೆ ಇಂಥ ಬಂಡೆ, ಮೋಡ, ಬಣ್ಣಗಳನ್ನು ತಂದವರು ಅವರು.

"ಇದನ್ನು ಬರೆದವ ಸೈನಿಕರನ್ನು ಇಸ್ತಾಂಬುಲ್‌ನವರು ಹೇಳಿದ ಹಾಗೆ ನಿಲ್ಲಿಸಿದ. ಬೆಟ್ಟ ಮಾತ್ರ ತನ್ನ ಊರಲ್ಲಿ ಕಲಿತದ್ದು. ಕೈ ಮರೀತದಾ? ಆಮೇಲೆ ಯಾವನೋ ಬುದ್ಧಿವಂತ, ಬೆಟ್ಟ ನೇರಳೆ ಇರ್ತದಾ ಅಂತ ಕಂದು ಬಳಿದ."

ಮೂರು ವಾರಗಳಲ್ಲಿ ಮೊದಲ ಬಾರಿಗೆ ಅವರ ಭುಜ ಇಳಿದಿದೆ. ದೂರ ಇಟ್ಟ ಕಾಫಿಯನ್ನು ತಾವೇ ಎತ್ತಿಕೊಂಡು ಕುಡಿಯುತ್ತಾರೆ.

ಶ್ಯಾಮ್ ಹಾಳೆಯ ಮೂಲೆ ತೋರಿಸುತ್ತಾರೆ. ಅಲ್ಲಿ ಕುದುರೆಯ ಒಂದು ಕಾಲು ಸವೆದುಹೋಗಿದೆ.

"ಇದನ್ನೂ ನೀವೇ ಬರೆದುಬಿಡಿ ಆಯೇಷಾ. ಎಕ್ಸಿಬಿಷನ್‌ನಲ್ಲಿ ಕಂಪ್ಲೀಟ್ ಆಗಿ ಕಾಣತ್ತೆ. ಲೇಬಲ್‌ನಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ." ಅವರೇ ಮೇಜಿನ ಮೇಲಿನ ಕುಂಚ ಎತ್ತಿ ಆಯೇಷಾ ಅವರತ್ತ ಚಾಚುತ್ತಾರೆ.

ಆಯೇಷಾ ಮೇಜಿನ ದೀಪ ಆರಿಸುತ್ತಾರೆ.

"ಇಲ್ಲ. ಆ ಕಂದು ಬಳಿದವನ ಹಾಗೆ ಇನ್ನೊಬ್ಬರ ಚಿತ್ರದ ಮೇಲೆ ನಾನು ಬರೆಯುದಿಲ್ಲ."