ರೂತ್ ಅವರ ಪಾಸೋವರ್ ಪಂಕ್ತಿ

ನಾನು ಸಿಡ್ನಿಯಿಂದ ಮೆಲ್ಬರ್ನ್‌ಗೆ ಬಂದ ದಿನವೇ ಅಲ್ಲಿರುವ ಗೆಳತಿ ಸವಿತಾ ನನ್ನನ್ನು ತನ್ನ ಪಕ್ಕದ ಮನೆಯ ರೂತ್ ಅವರಲ್ಲಿಗೆ ಊಟಕ್ಕೆ ಕರೆದೊಯ್ದಳು. ಅಂದು ಪಾಸೋವರ್, ಯಹೂದಿಗಳು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬ.

ರೂತ್ ನಿವೃತ್ತ ಶಿಕ್ಷಕಿ. ಪ್ರತಿ ವರ್ಷ ಈ ಊಟಕ್ಕೆ ಬೇರೆ ಬೇರೆ ಪಕ್ಷಗಳಿಗೆ ಓಟು ಹಾಕುವವರನ್ನೇ ಹುಡುಕಿ ಕರೆಯುತ್ತಾರಂತೆ. "ಗುಲಾಮರು ಪ್ರಶ್ನೆ ಕೇಳುವ ಹಾಗಿರಲಿಲ್ಲ. ಅದಕ್ಕೇ ಇವತ್ತು ಎಲ್ಲರೂ ಕೇಳಬೇಕು, ಜಗಳವಾದರೂ ಸರಿ. ಪ್ರಜಾಪ್ರಭುತ್ವಕ್ಕೆ ಮತ್ತೆ ಜೀವ ಬರುವುದಾದರೆ ಇಂಥ ಮೇಜಿನಿಂದಲೇ," ಎಂದರು. ಮೇಜಿನ ಮೇಲೆ ಹನ್ನೆರಡು ತಟ್ಟೆಗಳಿದ್ದವು. ಕುಳಿತವರು ನಾವು ಮೂವರೇ.

"ಉಳಿದವರು ಎಲ್ಲೇ?" ಎಂದು ಸವಿತಾಳನ್ನು ಮೆಲ್ಲಗೆ ಕೇಳಿದೆ.

"ಆ ಪಕ್ಷದವರು ಬಂದ್ರೆ ನಾನು ಬರಲ್ಲ ಅಂತ ಒಬ್ಬೊಬ್ರೂ ಮೆಸೇಜ್ ಹಾಕಿದಾರೆ ಕಣೇ. ರೂತ್ ಆಂಟಿಯ ಸ್ವಂತ ತಮ್ಮನೂ ಕ್ಯಾನ್ಸಲ್ ಮಾಡ್ಬಿಟ್ರು."

ಮೈಸೂರಿನ ನನ್ನ ಹೆತ್ತವರ ಮನೆಯಲ್ಲೂ ಊಟದ ಹೊತ್ತಿನಲ್ಲಿ ಚುನಾವಣೆಯ ಮಾತು ನಿಂತು ಎಷ್ಟೋ ಕಾಲವಾಯಿತು. ಅದನ್ನು ನಾನು ನೆಮ್ಮದಿ ಎಂದುಕೊಂಡಿದ್ದೆ.

ರೂತ್ ಹುದುಗಿಸದ ಹಿಟ್ಟಿನ ರೊಟ್ಟಿಯನ್ನು ಎತ್ತಿ ಹಿಡಿದು, ಹಸಿದವರೆಲ್ಲ ಬಂದು ಉಣ್ಣಲಿ ಎಂದು ಹಬ್ಬದ ಪುಸ್ತಕದಿಂದ ಓದಿದರು. ಊಟವಾದ ಮೇಲೆ ಪ್ರವಾದಿಯೊಬ್ಬನ ಬರವಿಗಾಗಿ ಬೀದಿಬಾಗಿಲು ತೆರೆಯುವುದು ವಾಡಿಕೆ ಎಂದು ಸವಿತಾ ಹೇಳಿದ್ದರಿಂದ ನಾನೇ ಎದ್ದು ಹೋದೆ. ಬಾಗಿಲಿಗೆ ಎರಡು ಹೊಸ ಚಿಲಕಗಳಿದ್ದವು.

"ಬೇಡ, ಬಂದು ಕೂತುಕೊಳ್ಳಿ," ಎಂದರು ರೂತ್. "ಇದು ಯಹೂದಿಯ ಮನೆ ಎಂದು ಬೀದಿಗೆ ಗೊತ್ತಾಗುವುದೆಂದರೆ ಈ ವರ್ಷ ನನಗೆ ಭಯ."

ನಾನು ಬಂದು ಕುಳಿತೆ. ಅವರು ಪುಟ ತಿರುಗಿಸಿ, ಬಿಡುಗಡೆಯ ಹಾಡನ್ನು ಆಚೆ ಯಾರಿಗೂ ಕೇಳಿಸದ ಹಾಗೆ ಹಾಡಿದರು.