ಅಣ್ಣ ಸಾಕ್ಷಿ ಹೇಳಿದ ದಿನ

ಕೊಪ್ಪಳದ ಕೋರ್ಟಿಗೆ ಅಲೆದು ಅಲೆದು ನನಗೂ ಅಣ್ಣನಿಗೂ ಸಾಕುಸಾಕಾಗಿತ್ತು. ಊರಲ್ಲಿ ಅವನದು ಸೈಕಲ್ ರಿಪೇರಿ ಅಂಗಡಿ, ಕುಷ್ಟಗಿಯಲ್ಲಿ ತಂಗಿಯಾದ ನನ್ನದು ಹೊಲಿಗೆ ಅಂಗಡಿ. ತಾರೀಖು ಬಂದಾಗಲೆಲ್ಲ ಎರಡಕ್ಕೂ ಬೀಗ. ಕೋರ್ಟಿನ ಬೇವಿನ ಮರಕ್ಕೂ ನಮ್ಮ ಗುರುತು ಹತ್ತಿರಬೇಕು.

ನಡೆದದ್ದು ಇಷ್ಟೇ. ಊರಿನ ಸಭೆಗೆ ಬಂದಿದ್ದ ಆಗಿನ ತಹಶೀಲ್ದಾರ್ ಸಾಹೇಬರಿಗೆ ಅಣ್ಣ, ‘ಟಾಕಿ ಕಟ್ಟಿ ಮುಗಿದೈತಿ, ನೀರು ಯಾವಾಗ್ರಿ?’ ಎಂದು ಕೇಳಿದ. ಜನ ನಕ್ಕರು. ಸಾಹೇಬರಿಗೆ ಆ ನಗು ಸಹಿಸಲಾಗಲಿಲ್ಲ. ಒಬ್ಬನನ್ನು ಒಳಗೆ ಹಾಕುವ ಅಧಿಕಾರ ಅವರ ಕೈಯಲ್ಲೇ ಇತ್ತು. ಶಾಂತಿ ಕದಡುತ್ತಾನೆಂದು ಬರೆದು ಸಹಿ ಹಾಕಿ ಒಂದು ವಾರ ಜೈಲಿಗೆ ಕಳಿಸಿದರು. ಅಷ್ಟರಲ್ಲಿ ಅವನ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಅಂದಿನಿಂದ ಊರಿನವರ ಬಾಯಲ್ಲಿ ಅವನು ಜೈಲಿಗೆ ಹೋಗಿ ಬಂದವ. ಅದು ಅನ್ಯಾಯವೆಂದು ಕೋರ್ಟು ಹೇಳಲಿ ಎನ್ನುವುದಷ್ಟೇ ನಮ್ಮ ಹಟ. ಅಧಿಕಾರಿಯ ಮೇಲೆ ಕೇಸು ನಡೆಸಲು ಸರ್ಕಾರ ಅನುಮತಿ ಕೊಡುವಷ್ಟರಲ್ಲಿ ಸಾಹೇಬರು ನಿವೃತ್ತರೂ ಆಗಿದ್ದರು.

ಕೊನೆಗೂ ಅಣ್ಣನ ಸಾಕ್ಷಿಯ ದಿನ ಬಂತು. ಸಾಹೇಬರ ವಕೀಲರು ಮೆತ್ತಗೆ ಕೇಳಿದರು, ‘ಅವತ್ತ ನೀವು ಸಾಹೇಬ್ರ ಕಾಲು ಮುಟ್ಟಿದ್ದು ಖರೇ ಏನು?’

‘ಖರೇ ರಿ.’

‘ಅಂದ್ರ ತಪ್ಪು ಒಪ್ಪಿಕೊಂಡ್ರಿ.’

ನಮ್ಮ ಕಡೆ ದೊಡ್ಡವರು ಸಿಟ್ಟಾದರೆ, ತಪ್ಪು ಯಾರದೇ ಇರಲಿ, ಮೊದಲು ಕಾಲು ಮುಟ್ಟಿಬಿಡುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆ ರೂಢಿಯೇ ಈಗ ಕುತ್ತಿಗೆಗೆ ಬಂತು.

‘ತಪ್ಪಿಲ್ಲ ಅಂದಮೇಲೆ ಯಾಕೆ ಮುಟ್ಟಿದಿರಿ?’ ನ್ಯಾಯಾಧೀಶರು ತಲೆಯೆತ್ತಿ ಕೇಳಿದರು.

‘ಮುಟ್ಟಿದ್ರ ಬಿಡ್ತಾರ ಅನ್ಕೊಂಡಿದ್ದೆ ರಿ,’ ಎಂದ ಅಣ್ಣ. ‘ಬಿಡಲಿಲ್ರಿ.’

ಅದನ್ನೂ ಟೈಪ್ ಮಾಡಿಸಿದರು. ಮತ್ತೊಂದು ತಾರೀಖು ಕೊಟ್ಟರು.

ಕುಷ್ಟಗಿ ಬಸ್ಸಿನಲ್ಲಿ ಅಣ್ಣ ಕೇಳಿದ, ‘ಶಿಕ್ಷಾ ಆದ್ರ ಸಾಹೇಬ್ರನ್ನೂ ಜೈಲಿಗೆ ಹಾಕ್ತಾರೇನು?’

‘ಹಾಕ್ಲಿ. ಅದನ್ನ ನೋಡಾಕ ನಾ ಜೀವ ಹಿಡಕೊಂಡೀನಿ.’

‘ಪಾಪ, ವಯಸ್ಸಾಗೈತಿ ಅವ್ರಿಗೆ. ಅಲ್ಲಿ ಕಾಲು ಚಾಚಾಕ ಜಾಗ ಇರೂದಿಲ್ಲ. ಗ್ವಾಡಿಗೆ ಬೆನ್ನು ಹಚ್ಚಿ ನಿಂತ ನಿದ್ದಿ ಮಾಡಬೇಕು.’

ಅವನ ‘ಪಾಪ’ ಕೇಳಿ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದವಳು ಹಾಗೇ ಸುಮ್ಮನಾದೆ. ಇಷ್ಟು ವರ್ಷದಲ್ಲಿ ಜೈಲಿನ ಆ ವಾರದ ಬಗ್ಗೆ ಅಣ್ಣ ಬಾಯಿಬಿಟ್ಟದ್ದು ಅದೇ ಮೊದಲು.